ಹೋದವರ ಲೆಕ್ಕದಲ್ಲಿ ಉಳಿದವನ ಉತ್ತರ ಸಿಗದು

ಪ್ರಶ್ನೆ: ನಾವು ಮೂಲತಃ ದಾವಣಗೆರೆ ಕಡೆಯವರು. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಒಬ್ಬನೇ ಮಗ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಹೈಸ್ಕೂಲಿನಿಂದಲೂ ಅಮೆರಿಕನ್ ಫುಟ್‌ಬಾಲ್ ಎಂದರೆ ಪ್ರಾಣ. ಈಗ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ. ಸ್ಕಾಲರ್‌ಷಿಪ್ ಮೇಲೆ ಕಾಲೇಜು ತಂಡದಲ್ಲಿದ್ದಾನೆ, ಆಫೆನ್ಸಿವ್ ಲೈನ್‌ನಲ್ಲಿ ಆಡುತ್ತಾನೆ. ತಂಡ ಈ ವರ್ಷ ಹತ್ತು ಪಂದ್ಯ ಸೋತಿತು. ಕೋಚ್ ಅವರನ್ನು ತೆಗೆದುಹಾಕಿದರು. ಅದಾದ ಮೇಲೆ ದಿನಕ್ಕೊಬ್ಬರಂತೆ ಆಟಗಾರರು ತಂಡ ಬಿಡುವುದಾಗಿ ಪ್ರಕಟಿಸುತ್ತಿದ್ದಾರೆ. ಮಗನ ರೂಮ್‌ಮೇಟ್, ಎರಡು ವರ್ಷ ಅವನ ಪಕ್ಕದಲ್ಲೇ ನಿಂತು ಆಡಿದ ಹುಡುಗ, ಒಂದು ಮಾತೂ ಹೇಳದೆ ಹೊರಟ. ಮಗನಿಗೆ ಅದು ಗೊತ್ತಾದದ್ದು ಫೋನ್ ನೋಡಿ.

ಮಗ ಮನೆಗೆ ಬಂದರೆ ಮಾತಿಲ್ಲ. ನಮ್ಮವರು, “ಎಲ್ಲರೂ ಹೋಗುತ್ತಿರುವಾಗ ನೀನೊಬ್ಬ ಅಲ್ಲಿದ್ದು ಏನು ಮಾಡುತ್ತೀಯ? ಕಾಲೇಜು ಬದಲಿಸಲು ಪೋರ್ಟಲ್‌ಗೆ ಹೆಸರು ಹಾಕು” ಎನ್ನುತ್ತಾರೆ. ನನಗೆ ಅವನು ಈ ಆಟವನ್ನೇ ಬಿಟ್ಟು ಓದಿಕೊಂಡರೆ ಸಾಕು ಅನಿಸುತ್ತದೆ. ಕನ್ನಡ ಕೂಟದಲ್ಲಿ ಯಾರಾದರೂ “ತಂಡ ಹೇಗಿದೆ?” ಎಂದು ಕೇಳಿದರೆ ಅವನು ಎದ್ದು ಹೊರಗೆ ಹೋಗುತ್ತಾನೆ. ಒಂದು ರಾತ್ರಿ, “ಹೋದರೆ ಓಡಿಹೋದ ಅಂತಾರೆ, ಉಳಿದರೆ ಬೇರೆಲ್ಲೂ ಗತಿ ಇಲ್ಲದವನು ಅಂತಾರೆ” ಎಂದ. ನಾವು ಏನು ಹೇಳಬೇಕು?

– ಹೆಸರು ಬೇಡ, ಅಮೆರಿಕ

ಉತ್ತರ: ಪ್ರಿಯ ಸಹೋದರಿ, ನಿಮ್ಮ ಮಗನಿಗೆ ಒಟ್ಟಿಗೇ ಎರಡು ಪೆಟ್ಟು ಬಿದ್ದಿವೆ. ಒಂದು, ತಂಡ ಸೋತದ್ದು. ಇನ್ನೊಂದು, ಗೆಳೆಯ ಹೇಳದೆ ಹೋದದ್ದು. ಹತ್ತು ಸೋಲನ್ನು ತಾಳಿಕೊಂಡ ಹುಡುಗ ಮಾತು ನಿಲ್ಲಿಸಿದ್ದು ಹನ್ನೊಂದನೆಯದಾದ ಈ ಪೆಟ್ಟಿಗೆ. ನೀವಿಬ್ಬರೂ ಪೋರ್ಟಲ್ ಬೇಕೇ ಬೇಡವೇ ಎಂದು ಚರ್ಚಿಸುತ್ತಿದ್ದೀರಿ. ಅವನು ಇನ್ನೂ ಖಾಲಿ ಹಾಸಿಗೆ ನೋಡುತ್ತ ಕೂತಿದ್ದಾನೆ. ಮೊದಲು ಆ ದುಃಖಕ್ಕೆ ಜಾಗ ಕೊಡಿ. ನಿರ್ಧಾರದ ಮಾತು ಆಮೇಲೆ.

ಊರಿನ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಇದು ನಾವು ಇಲ್ಲಿ ಫುಟ್‌ಬಾಲ್ ಎನ್ನುವ ಆಟವಲ್ಲ. ಅಂಡಾಕಾರದ ಚೆಂಡು, ಹೆಲ್ಮೆಟ್ಟು, ಮೈಗೆ ಮೈ ಡಿಕ್ಕಿ ಹೊಡೆಯುವ ಅಮೆರಿಕನ್ ಆಟ. ಆಫೆನ್ಸಿವ್ ಲೈನ್ ಎಂದರೆ ಮುಂದಿನ ಸಾಲಿನ ಐದು ಜನ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೆ ಎದುರಾಳಿ ಅವನ ಮೈಮೇಲೆ ಬೀಳದಂತೆ ತಡೆಯುವುದು ಇವರ ಕೆಲಸ. ಗಳಿಸಿದ ಅಂಕದ ಪಕ್ಕ ಇವರ ಹೆಸರು ಬರುವುದು ತೀರಾ ಅಪರೂಪ. ಪಕ್ಕದವನು ಯಾವ ಕ್ಷಣದಲ್ಲಿ ಎಡಕ್ಕೆ ವಾಲುತ್ತಾನೆ, ಎದುರಾಳಿ ಜಾಗ ಬದಲಿಸಿದಾಗ ಯಾರನ್ನು ಯಾರು ಹಿಡಿಯಬೇಕು ಎಂಬುದನ್ನು ತಿಂಗಳುಗಟ್ಟಲೆ ಒಟ್ಟಿಗೆ ಬೆವರು ಸುರಿಸಿ ಕಲಿಯುತ್ತಾರೆ. ಆ ಸಾಲಿನಲ್ಲಿ ಪಕ್ಕದವನು ಹೋದರೆ ಕಳೆದುಹೋಗುವುದು ಗೆಳೆತನ ಮಾತ್ರವಲ್ಲ, ಇಬ್ಬರೂ ಸೇರಿ ಕಲಿತ ವಿದ್ಯೆಯೂ ಅರ್ಧ ಹೋಗುತ್ತದೆ. ಈ ನಷ್ಟ ದೊಡ್ಡದು ಎಂದು ಮಗನಿಗೆ ನೀವು ಬಾಯಿಬಿಟ್ಟು ಹೇಳಬೇಕು. “ಏನು ತೀರ್ಮಾನ ಮಾಡಿದೆ?” ಎಂದು ಕೇಳುವುದನ್ನು ಕೆಲವು ದಿನ ನಿಲ್ಲಿಸಿ. “ಅವನು ಹಾಗೆ ಹೋದದ್ದು ನಿನಗೆ ತುಂಬಾ ನೋವಾಯಿತು, ಅಲ್ವಾ?” ಎಂದು ಕೇಳಿ. ಉತ್ತರ ಬಾರದಿದ್ದರೂ ಪರವಾಗಿಲ್ಲ, ಆ ನೋವು ನಿಮಗೆ ಕಾಣಿಸುತ್ತಿದೆ ಎಂಬುದು ಅವನಿಗೆ ತಲುಪಿರುತ್ತದೆ.

ಇನ್ನು ನಿಮ್ಮವರ ಮಾತು: ಎಲ್ಲರೂ ಹೋಗುತ್ತಿರುವಾಗ ಇವನೊಬ್ಬ ಯಾಕಿರಬೇಕು? ಮದುವೆ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕದವರು ಎದ್ದರೆ, ಇನ್ನೂ ಮಜ್ಜಿಗೆ ಅನ್ನ ಬಾಕಿ ಇರುವವನೂ ಕೈ ತೊಳೆಯಲು ಎದ್ದುಬಿಡುತ್ತಾನೆ. ಹೊಟ್ಟೆ ತುಂಬಿತೇ ಎಂದು ತನ್ನನ್ನು ತಾನೇ ಕೇಳಿಕೊಂಡಿರುವುದಿಲ್ಲ. ನಿಮ್ಮ ಮಗನಿಗೆ ಈಗ ಇರುವ ದೊಡ್ಡ ಅಪಾಯ ಇದೇ. ಅವನು ಹೋಗಲಿ ಅಥವಾ ಉಳಿಯಲಿ, ತನ್ನ ಕಾರಣಕ್ಕೆ ಹಾಗೆ ಮಾಡಬೇಕು. ಹೋದವರ ಸಂಖ್ಯೆ ಅವನ ಪಾಲಿಗೆ ಕಾರಣವಾಗಲಾರದು, ಏಕೆಂದರೆ ಆ ಸಂಖ್ಯೆಯೊಳಗೆ ಬೇರೆ ಬೇರೆ ಕಥೆಗಳಿವೆ.

ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ವ್ಯವಸ್ಥೆಯನ್ನು ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ 2018ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಅದಕ್ಕೂ ಮೊದಲು ಬೇರೆ ಕಾಲೇಜಿನವರು ಆಟಗಾರನನ್ನು ಸಂಪರ್ಕಿಸಬೇಕಾದರೆ ಇರುವ ಕಾಲೇಜಿನ ಅನುಮತಿ ಬೇಕಿತ್ತು. ಈಗ ಆಟಗಾರ ಕೇಳಿದರೆ ಎರಡು ಕೆಲಸದ ದಿನಗಳೊಳಗೆ ಅವನ ಹೆಸರನ್ನು ಪಟ್ಟಿಗೆ ಸೇರಿಸಲೇಬೇಕು. ಪೋರ್ಟಲ್ ಬಂದ ಮೇಲೂ ಕಾಲೇಜು ಬದಲಿಸಿದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಪಂದ್ಯವಾಡದೆ ಕೂರಬೇಕಿತ್ತು. 2021ರಲ್ಲಿ ಆ ನಿಯಮವನ್ನು ಒಂದು ಸಲಕ್ಕೆ ಸಡಿಲಿಸಿದರು. 2024ರ ಏಪ್ರಿಲ್‌ನಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬದಲಿಸಿದರೂ ಕೂರಬೇಕಿಲ್ಲ ಎಂದರು. ನಡುವೆ 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸುವ ಹಕ್ಕು ಪಡೆದರು. 2025ರ ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ತಮ್ಮ ಕ್ರೀಡಾಪಟುಗಳಿಗೆ ಹಣ ಹಂಚಬಹುದು, ಮೊದಲ ವರ್ಷದ ಒಟ್ಟು ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ಆಗಿತ್ತು. ಹೀಗೆ ಹಣ ಹಂಚಲು ಅವಕಾಶ ಕೊಟ್ಟ ಒಪ್ಪಂದಕ್ಕೆ ಸೇರಿದ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಸಾಮಾನ್ಯವಾಗಿ 105ಕ್ಕಿಂತ ಹೆಚ್ಚು ಆಟಗಾರರು ಇರುವಂತಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ತಂಡ ಬಿಡುವವರು ಮೂರು ಬಗೆ. ಕೆಲವರನ್ನು ದೊಡ್ಡ ಕಾಲೇಜುಗಳು ಹಣ, ಸ್ಥಾನ ತೋರಿಸಿ ಕರೆದಿರುತ್ತವೆ. ಕೆಲವರಿಗೆ “ನಿನಗೆ ಇಲ್ಲಿ ಜಾಗವಿಲ್ಲ” ಎಂದು ಒಳಗೆ ಕರೆದು ಹೇಳಿರುತ್ತಾರೆ, ಹೊರಗೆ ಮಾತ್ರ ಅವರಾಗಿಯೇ ಹೋದಂತೆ ಕಾಣುತ್ತದೆ. ಉಳಿದವರು ಮೊದಲಿನ ಎರಡು ಗುಂಪನ್ನು ನೋಡಿ ಹೆದರಿ ಹೊರಡುತ್ತಾರೆ. ಕೊಲರಾಡೊ ವಿಶ್ವವಿದ್ಯಾಲಯದ ತಂಡ 2022ರಲ್ಲಿ 12ರಲ್ಲಿ 11 ಪಂದ್ಯ ಸೋತಿತು. ಹೊಸ ಕೋಚ್ ಆಗಿ ಬಂದ ಡಿಯಾನ್ ಸ್ಯಾಂಡರ್ಸ್ ಮೊದಲ ಸಭೆಯಲ್ಲೇ ಆಟಗಾರರಿಗೆ ಪೋರ್ಟಲ್ ದಾರಿ ತೋರಿಸಿದರು. ಮುಂದಿನ ತಿಂಗಳುಗಳಲ್ಲಿ 50ಕ್ಕೂ ಹೆಚ್ಚು ಜನ ಹೊರಟರು. ಅವರಲ್ಲಿ ಎಷ್ಟೋ ಹುಡುಗರು ಹೋಗಲು ಬಯಸಿದವರಲ್ಲ. ಹೀಗಿರುವಾಗ ಹೋದವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ, ಅದನ್ನು ನಿಮ್ಮ ಮಗನ ಬುದ್ಧಿಯ ಮೇಲೆ ತೂಕವಾಗಿ ಇಡುವುದು ನ್ಯಾಯವಲ್ಲ. ರೂಮ್‌ಮೇಟ್ ಹೇಳದೆ ಹೋದದ್ದಕ್ಕೂ ಅವನಿಗೆ ಹೇಳಿಕೊಳ್ಳಲು ನಾಚಿಕೆಯಾಗುವಂಥ ಕಾರಣವೇ ಇದ್ದೀತು. ಮಗ ಒಂದು ಸಲ ಅವನಿಗೆ ಫೋನ್ ಮಾಡಲಿ. ಜಗಳಕ್ಕಲ್ಲ, ಏನಾಯಿತೆಂದು ಕೇಳುವುದಕ್ಕೆ. ಆ ಒಂದು ಮಾತುಕತೆ ಅರ್ಧ ಭಾರ ಇಳಿಸಬಹುದು.

ಆದರೆ ಜನ ಬಿಟ್ಟುಹೋದರೆ ತಂಡಕ್ಕೆ ಏನೂ ಆಗದು ಎಂಬ ಸುಳ್ಳು ಸಮಾಧಾನವನ್ನು ನಾನು ಹೇಳುವುದಿಲ್ಲ. ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯವನ್ನು ನೋಡಿ. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಕೋಚ್ ಬೇರೆ ಕೆಲಸಕ್ಕೆ ಹೋದರು. ಕ್ವಾರ್ಟರ್‌ಬ್ಯಾಕ್ ಯುಸಿಎಲ್‌ಎ ಸೇರಿದ, ಚೆಂಡು ಹಿಡಿಯುವ ಇಬ್ಬರು ಮುಖ್ಯ ಆಟಗಾರರಲ್ಲಿ ಒಬ್ಬ ಪೆನ್ ಸ್ಟೇಟ್‌ಗೆ, ಇನ್ನೊಬ್ಬ ನಾರ್ತ್ ಕ್ಯಾರೊಲೈನಾಕ್ಕೆ ಹೋದರು. 2023ರಲ್ಲಿ ತಂಡ ಒಂದೇ ಪಂದ್ಯ ಗೆದ್ದಿತು. 2024ರಲ್ಲಿ 12ಕ್ಕೆ 12 ಸೋತಿತು. ಸತತ 21 ಸೋಲಿನ ಸರಣಿ ಮುಗಿದದ್ದು 2025ರ ಆಗಸ್ಟ್ ಕೊನೆಗೆ. ಆ ಋತುವಿನಲ್ಲಿ ಅವರು ಐದು ಪಂದ್ಯ ಗೆದ್ದರು. ತಂಡ ಎದ್ದು ನಿಂತಿತು ನಿಜ, ಅದಕ್ಕೆ ಹಿಡಿದದ್ದು ಮೂರು ವರ್ಷ. ನಿಮ್ಮ ಮಗನ ಕೈಯಲ್ಲಿರುವುದೂ ಹೆಚ್ಚೆಂದರೆ ಅಷ್ಟೇ. ಆದ್ದರಿಂದ “ಉಳಿದರೆ ಒಳ್ಳೆಯ ದಿನ ಬಂದೇ ಬರುತ್ತದೆ” ಎಂದು ನೀವು ಮಾತು ಕೊಡಬೇಡಿ. ಬಾರದೆ ಹೋದರೂ ಇಲ್ಲಿದ್ದದ್ದು ಸಾರ್ಥಕ ಎನಿಸುವಂಥದ್ದು ಅವನಿಗೆ ಅಲ್ಲಿ ಏನಾದರೂ ಇದೆಯೇ ಎಂದು ಕೇಳಿ. ಉಳಿಯುವ ವಿಚಾರಕ್ಕೆ ಇದೇ ಸರಿಯಾದ ಪ್ರಶ್ನೆ.

ಉಳಿದವರ ಬಗ್ಗೆ ಎರಡು ಉದಾಹರಣೆ ಹೇಳುತ್ತೇನೆ. 2012ರ ಜುಲೈನಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಎನ್‌ಸಿಎಎ ಕಠಿಣ ದಂಡ ವಿಧಿಸಿತು. ಅಲ್ಲಿನ ಮಾಜಿ ಸಹಾಯಕ ಕೋಚ್ ಒಬ್ಬನ ಘೋರ ಅಪರಾಧ ಬಯಲಾದ ನಂತರದ ಕ್ರಮ ಅದು. ನಾಲ್ಕು ವರ್ಷ ಋತು ಕೊನೆಯ ಬೌಲ್ ಪಂದ್ಯಗಳಿಗೆ ನಿಷೇಧ, ಸ್ಕಾಲರ್‌ಷಿಪ್‌ಗಳಿಗೆ ಕತ್ತರಿ. ಯಾವ ತಪ್ಪನ್ನೂ ಮಾಡದ ಆಟಗಾರರು ಬೇಕಾದರೆ ತಕ್ಷಣ ಬೇರೆ ಕಾಲೇಜು ಸೇರಿ ಆಡಬಹುದು ಎಂದರು. ಬೇರೆ ಕಾಲೇಜಿನ ಕೋಚ್‌ಗಳು ಆ ಊರಿಗೇ ಬಂದಿಳಿದರು. ತಂಡದ ಪ್ರಮುಖ ಓಟಗಾರ ಸೈಲಸ್ ರೆಡ್ ಕ್ಯಾಲಿಫೋರ್ನಿಯಾದ ಯುಎಸ್‌ಸಿಗೆ ಹೋದ. ಆ ಹೊತ್ತಿನಲ್ಲಿ ಮೈಕಲ್ ಮೌಟಿ, ಮೈಕಲ್ ಜೋರ್ಡಿಕ್ ಎಂಬ ಇಬ್ಬರು ಹಿರಿಯ ಆಟಗಾರರು ಸುಮಾರು 30 ಜನ ಜೊತೆಗಾರರೊಂದಿಗೆ ಕ್ಯಾಮೆರಾ ಮುಂದೆ ನಿಂತು, ನಾವು ಉಳಿಯುತ್ತೇವೆ ಎಂದರು. ಮೊದಲ ಎರಡು ಪಂದ್ಯ ಸೋತ ಆ ತಂಡ ವರ್ಷದ ಕೊನೆಗೆ ಎಂಟು ಗೆದ್ದು ನಾಲ್ಕು ಸೋತಿತ್ತು. ಕೊನೆಯ ಪಂದ್ಯದ ಹೊತ್ತಿಗೆ ಮೌಟಿ ಮೊಣಕಾಲಿಗೆ ಪೆಟ್ಟಾಗಿ ಹೊರಗಿದ್ದ. ಜೊತೆಗಾರರು ಅವನ 42 ಎಂಬ ಸಂಖ್ಯೆಯನ್ನು ಹೆಲ್ಮೆಟ್ ಮೇಲೆ ಧರಿಸಿ ಆಡಿ ಗೆದ್ದರು. ಅವರಿಗೆ ಯಾವ ಕಪ್ಪೂ ಸಿಗುವಂತಿರಲಿಲ್ಲ. ಒಬ್ಬರ ಪಕ್ಕ ಒಬ್ಬರು ನಿಲ್ಲುವುದೇ ಅವರ ಕಾರಣವಾಗಿತ್ತು.

ಎರಡನೆಯದು ನಿಮ್ಮ ಮಗನ ಸಾಲಿನವನೇ. ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಒಂಬತ್ತು ಪಂದ್ಯ ಸೋತು ಕೋಚ್ ಅವರನ್ನು ಕಳೆದುಕೊಂಡಿತು. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಳೆಯ ಕಾಲೇಜಿನಿಂದ ಹತ್ತಾರು ಆಟಗಾರರನ್ನು ಕರೆತಂದರು. ಸೋತ ತಂಡದಲ್ಲಿದ್ದ ಆಫೆನ್ಸಿವ್ ಲೈನ್ ಹುಡುಗ ಕಾರ್ಟರ್ ಸ್ಮಿತ್ ಮುಂದೆಯೂ ಅಲ್ಲೇ ಆಡಿದ. 2024ರಲ್ಲಿ ತಂಡ 11 ಪಂದ್ಯ ಗೆದ್ದಿತು. 2025ರ ಋತುವಿನಲ್ಲಿ ಒಂದೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಇಂಥದ್ದು ಅಪರೂಪ, ಇದನ್ನು ಭರವಸೆಯಾಗಿ ಕೊಡುತ್ತಿಲ್ಲ. ಒಂದು ತಂಡ ಖಾಲಿಯಾಗುವಾಗ ಉಳಿದವನಿಗೆ ಆಡುವ ಅವಕಾಶ ಹೆಚ್ಚಬಹುದು, ಹೊಸ ಕೋಚ್ ಜೊತೆ ಹೊಸ ಲೆಕ್ಕ ಶುರುವಾಗಬಹುದು ಎಂಬುದನ್ನು ಮಾತ್ರ ನೀವು ಕಾಣಬೇಕು.

ಹೋಗುವುದರಲ್ಲೂ ಮರ್ಯಾದೆ ಇದೆ. ಅಲಬಾಮಾ ತಂಡದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಅವರನ್ನು 2018ರ ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ ಅರ್ಧ ಆಟಕ್ಕೇ ಕೂರಿಸಿದರು. ಇಡೀ ದೇಶ ನೋಡುತ್ತಿತ್ತು. ಅವರು ಸಿಟ್ಟಿನಲ್ಲಿ ಹೊರಡಲಿಲ್ಲ. ಇನ್ನೊಂದು ವರ್ಷ ಅಲ್ಲೇ ಇದ್ದು, ಬದಲಿ ಆಟಗಾರನಾಗಿ ಒಂದು ದೊಡ್ಡ ಪಂದ್ಯ ಗೆಲ್ಲಿಸಿಕೊಟ್ಟು, ಪದವಿ ಮುಗಿಸಿ, ಆಮೇಲೆ ಓಕ್ಲಹೋಮಾಕ್ಕೆ ಹೋದರು. 2025ರ ಫೆಬ್ರವರಿಯಲ್ಲಿ ನಡೆದ ವೃತ್ತಿಪರ ಲೀಗ್‌ನ ಫೈನಲ್ ಸೂಪರ್ ಬೌಲ್‌ನಲ್ಲಿ ಶ್ರೇಷ್ಠ ಆಟಗಾರ ಅವರೇ. ಅವರನ್ನು ಯಾರೂ ಓಡಿಹೋದವನು ಎನ್ನುವುದಿಲ್ಲ. ಏನು ಮುಗಿಸಿ ಹೋದರು, ಹೇಗೆ ಹೋದರು ಎಂಬುದೇ ಅದಕ್ಕೆ ಕಾರಣ. ಮಗ ಹೋಗುವುದೇ ಆದರೆ ಕೋಚ್‌ಗೆ, ಜೊತೆಯವರಿಗೆ ಎದುರು ನಿಂತು ಹೇಳಿಯೇ ಹೋಗಲಿ. ಉಳಿಯುವುದೇ ಆದರೆ ಹೋದವರ ಬಗ್ಗೆ ಕಹಿ ಮಾತಾಡದೆ ಉಳಿಯಲಿ.

ಈಗ ಕೆಲಸದ ಮಾತಿಗೆ ಬರೋಣ. ಮನಸ್ಸು ಸ್ವಲ್ಪ ತಿಳಿಯಾದ ಮೇಲೆ ಅವನೇ ಕೂತು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಲಿ. ನೀವು ಪಕ್ಕದಲ್ಲಿರಿ, ಪೆನ್ನು ಅವನ ಕೈಯಲ್ಲಿರಲಿ.

ಮೊದಲನೆಯದು ಆಟ. ಹೊಸ ಕೋಚ್ ಅವನನ್ನು ಎಲ್ಲಿ ಕಾಣುತ್ತಾರೆ? ಅವರನ್ನೇ ಭೇಟಿಯಾಗಿ, “ಮುಂದಿನ ವರ್ಷ ನಿಮ್ಮ ಯೋಜನೆಯಲ್ಲಿ ನನ್ನ ಜಾಗ ಯಾವುದು? ನಾನು ಯಾವುದರಲ್ಲಿ ಸುಧಾರಿಸಬೇಕು?” ಎಂದು ನೇರ ಕೇಳಬೇಕು. ಸ್ಪಷ್ಟ ಉತ್ತರ ಬಂದರೆ ಒಳ್ಳೆಯದು. ಉತ್ತರ ತೇಲಿಸಿದರೆ ಅದೂ ಒಂದು ಉತ್ತರವೇ.

ಎರಡನೆಯದು ಓದು. ಇಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ, ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ 43ರಷ್ಟು ಕ್ರೆಡಿಟ್‌ಗಳನ್ನು ಕಳೆದುಕೊಂಡಿದ್ದರು. ಇದು ಕ್ರೀಡಾಪಟುಗಳ ಲೆಕ್ಕವಲ್ಲ, ಎಲ್ಲ ವಿದ್ಯಾರ್ಥಿಗಳದ್ದು. ಎಂಜಿನಿಯರಿಂಗ್‌ನಲ್ಲಿ ಒಂದು ಪಾಠ ಮುಗಿಯದೆ ಮುಂದಿನದು ಸಿಗದು. ಜೊತೆಗೆ ಎನ್‌ಸಿಎಎ ನಿಯಮದಂತೆ ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಪದವಿಯ ಶೇ 40 ಭಾಗ, ನಾಲ್ಕನೆಯದಕ್ಕೆ ಶೇ 60 ಮುಗಿದಿರಬೇಕು, ಇಲ್ಲದಿದ್ದರೆ ಆಡುವ ಅರ್ಹತೆಗೇ ಕುತ್ತು. ಹೊಸ ಕಾಲೇಜು ಅವನ ಯಾವ ಯಾವ ಪಾಠಗಳನ್ನು ಮೆಕ್ಯಾನಿಕಲ್ ಪದವಿಗೆ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದು ಬರವಣಿಗೆಯಲ್ಲಿ ಸಿಗಬೇಕು. ಕೋಚ್ ಬಾಯಿಮಾತಿನಲ್ಲಿ “ಎಲ್ಲ ಆಗುತ್ತದೆ” ಎಂದರೆ ಸಾಲದು.

ಮೂರನೆಯದು ಹಣ. ಪೋರ್ಟಲ್‌ನಲ್ಲಿ ಹೆಸರು ಬಿದ್ದ ಮೇಲೆ ಈಗಿನ ಕಾಲೇಜು ಆ ಶೈಕ್ಷಣಿಕ ಅವಧಿ ಮುಗಿದ ನಂತರ ಸ್ಕಾಲರ್‌ಷಿಪ್ ನಿಲ್ಲಿಸಬಹುದು. ಮನಸ್ಸು ಬದಲಿಸಿ ಹೆಸರು ಹಿಂತೆಗೆದರೂ ಮರಳಿ ಸೇರಿಸಿಕೊಳ್ಳುವ ಬದ್ಧತೆ ಅವರಿಗಿಲ್ಲ. ಪ್ರತಿ ವರ್ಷ ಹೆಸರು ಹಾಕಿ ಎಲ್ಲೂ ಸ್ಥಾನ ಸಿಗದೆ ಉಳಿಯುವ ಹುಡುಗರೂ ಇದ್ದಾರೆ. ನಿಮ್ಮವರು “ಸುಮ್ಮನೆ ಹೆಸರು ಹಾಕಿ ನೋಡು” ಎನ್ನುವುದಾದರೆ, ಅದು ಸುಮ್ಮನೆ ನೋಡುವ ವಿಷಯವಲ್ಲ ಎಂದು ಅವರಿಗೆ ತಿಳಿಸಿ. 2026ರಲ್ಲಿ ಜನವರಿ 2ರಿಂದ 16ರವರೆಗೆ ಮಾತ್ರ ಪೋರ್ಟಲ್ ಬಾಗಿಲು ತೆರೆದಿತ್ತು. ಕೋಚ್ ಬದಲಾದ ತಂಡಕ್ಕೆ ಬೇರೆ ಗಡುವು ಅನ್ವಯಿಸಬಹುದು. ಕಾಲೇಜಿನಲ್ಲಿ ಈ ನಿಯಮಗಳನ್ನು ನೋಡಿಕೊಳ್ಳುವ ಕಂಪ್ಲಯನ್ಸ್ ಕಚೇರಿಗೆ ಮಗ ಈ ವಾರವೇ ಹೋಗಿ, ಹೆಸರು ಹಾಕುವ ಮುಂಚೆ, ದಿನಾಂಕ ಮತ್ತು ಪರಿಣಾಮ ಎರಡನ್ನೂ ಕೇಳಿಕೊಳ್ಳಲಿ. ಗಡುವು ಹತ್ತಿರವಿದೆ ಎಂಬ ಭಯ ನಿರ್ಧಾರ ಮಾಡಬಾರದು, ಗಡುವು ಗೊತ್ತಿಲ್ಲದೆಯೂ ಕೂರಬಾರದು.

ನಾಲ್ಕನೆಯದು ಬದುಕು. ಎನ್‌ಸಿಎಎ ಅಂದಾಜಿನಂತೆ ಕಾಲೇಜು ಫುಟ್‌ಬಾಲ್ ಆಟಗಾರರಲ್ಲಿ ವೃತ್ತಿಪರ ಲೀಗ್‌ಗೆ ಆಯ್ಕೆಯಾಗುವವರು ನೂರಕ್ಕೆ ಇಬ್ಬರೂ ಇಲ್ಲ. ಹಾಗಾದರೆ ಈ ಆಟ ಮುಗಿದ ಮೇಲೆ ಅವನ ಕೈಯಲ್ಲಿ ಉಳಿಯುವುದು ಪದವಿ, ಗಟ್ಟಿಯಾದ ದೇಹ, ಕೆಲವು ಆಜೀವ ಗೆಳೆತನ. ಎಲ್ಲಿದ್ದರೆ ಈ ಮೂರೂ ಹೆಚ್ಚು ಭದ್ರ? ಉತ್ತರ ಈಗಿರುವ ಕಾಲೇಜೇ ಆಗಬಹುದು, ಬೇರೆಯದೂ ಆಗಬಹುದು.

ನಿಮ್ಮ ಮನಸ್ಸಿನಲ್ಲಿರುವ ಮಾತಿಗೂ ಉತ್ತರ ಕೊಡಬೇಕು. ಆಟವನ್ನೇ ಬಿಟ್ಟು ಓದಲಿ ಎಂಬ ಆಸೆ ತಾಯಿಯದು, ಅದರ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ಮೈಗೆ ಮೈ ಡಿಕ್ಕಿಯಾಗುವ ಆಟ, ತಲೆಗೆ ಪೆಟ್ಟಿನ ಭಯ, ಎಲ್ಲ ನಿಜ. ಆದರೆ ಅವನು ಸೋತು ನೊಂದ ಈ ಹೊತ್ತಿನಲ್ಲಿ ಅದನ್ನು ಹೇಳಿದರೆ, ಅವನ ಸೋಲಿಗಾಗಿ ನೀವು ಕಾಯುತ್ತಿದ್ದಿರಿ ಎಂದು ಅವನಿಗೆ ಕೇಳಿಸುತ್ತದೆ. ನಿಮ್ಮವರ ಆತುರವೂ ಪ್ರೀತಿಯೇ. ಮಗ ಸೋಲುವವರ ಗುಂಪಿನಲ್ಲಿ ಕಾಣಬಾರದು ಎಂದು ಅವರಿಗಿದೆ. ಈ ಎರಡು ಭಯಗಳನ್ನು ನೀವಿಬ್ಬರೂ ಪರಸ್ಪರ ಹೇಳಿಕೊಳ್ಳಿ, ಮಗನ ಹೆಗಲಿಗೆ ಹಾಕಬೇಡಿ. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ “ಚೆನ್ನಾಗಿ ಓದುತ್ತಿದ್ದಾನೆ, ಚೆನ್ನಾಗಿ ಆಡುತ್ತಿದ್ದಾನೆ” ಎಂದು ನೀವೇ ಮುಂದೆ ಬಂದು ಉತ್ತರಿಸಿ. ಹತ್ತು ಸೋಲಿನ ವರ್ಷದಲ್ಲಿ ಬೆಳಗಿನ ಜಾವ ಎದ್ದು ಅಭ್ಯಾಸಕ್ಕೆ ಹೋದವನು ಅವನು.

ಒಂದು ಎಚ್ಚರಿಕೆ. ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ತರಗತಿಗೂ ಹೋಗದಿದ್ದರೆ, ಇದೆಲ್ಲ ಎರಡು ವಾರ ಮೀರಿ ನಡೆದಿದ್ದರೆ ತಡಮಾಡದೆ ಕಾಲೇಜಿನ ಆಪ್ತಸಲಹಾ ಕೇಂದ್ರಕ್ಕೆ ಕರೆದೊಯ್ಯಿರಿ. ಬದುಕೇ ಬೇಡ ಎಂಬ ಮಾತು ಬಂದರಂತೂ ಅಮೆರಿಕದಲ್ಲಿ ಯಾವ ಹೊತ್ತಿಗೂ 988 ಸಂಖ್ಯೆಗೆ ಕರೆ ಮಾಡಬಹುದು. ಗಟ್ಟಿ ಮೈಯ ಹುಡುಗರ ನೋವು ಬೇಗ ಕಾಣಿಸುವುದಿಲ್ಲ.

“ಹೋದರೆ ಓಡಿಹೋದ ಅಂತಾರೆ, ಉಳಿದರೆ ಗತಿ ಇಲ್ಲದವನು ಅಂತಾರೆ” ಎಂದನಲ್ಲ, ಆ ಮಾತಿನಲ್ಲಿ ಹೇಳುವವರೆಲ್ಲ ಬೇರೆಯವರು. ಅವನು ಏನು ಅನ್ನುತ್ತಾನೆ ಎಂದು ಇನ್ನೂ ಯಾರೂ ಕೇಳಿಲ್ಲ, ಅವನೂ ಕೇಳಿಕೊಂಡಿಲ್ಲ. ಆ ಪ್ರಶ್ನೆ ನಿಮ್ಮ ಮನೆಯಿಂದಲೇ ಬರಬೇಕು. ಅವನು ಏನನ್ನೇ ಆರಿಸಿಕೊಂಡರೂ ಒಂದು ಮಾತನ್ನು ನೀವಿಬ್ಬರೂ ಇವತ್ತೇ ಬಿಟ್ಟುಬಿಡಿ: “ನಾವು ಆಗಲೇ ಹೇಳಿದ್ದೆವಲ್ಲ” ಎಂಬ ಮಾತು. ಹೊಸ ಕಾಲೇಜಿನಲ್ಲಿ ಅವನಿಗೆ ಆಡಲು ಸಿಗದಿರಬಹುದು, ಹಳೆಯ ತಂಡ ಮತ್ತೆ ಸೋಲಬಹುದು. ಆಗ ಆ ಮಾತು ನಿಮ್ಮ ನಾಲಗೆಗೆ ಬಂದರೆ, ಜೀವನದ ಮುಂದಿನ ದೊಡ್ಡ ನಿರ್ಧಾರವನ್ನು ಅವನು ನಿಮಗೆ ತಿಳಿಸುವುದೇ ಇಲ್ಲ. ಇಪ್ಪತ್ತರ ಹುಡುಗ ಒಂದು ಕಷ್ಟದ ಆಯ್ಕೆಯನ್ನು ತಾನೇ ಮಾಡಿ, ಅದರ ಫಲವನ್ನು ತಾನೇ ಹೊತ್ತು, ಮನೆಗೆ ಬಂದು ನಿಮ್ಮೆದುರು ನಿರಾಳವಾಗಿ ಅದರ ಬಗ್ಗೆ ಮಾತಾಡುವಂತಾದರೆ, ಈ ಸೋಲಿನ ವರ್ಷದಿಂದ ನಿಮ್ಮ ಕುಟುಂಬ ಪಡೆದದ್ದು ಸಣ್ಣದಲ್ಲ.